ತೊಂಬತ್ತು ದಿನದ ಸೈ

ನಮ್ಮನೆ ಮೋಲ್ಡ್ ಹಾಕಿ ಮುಗಿದ ಶನಿವಾರ. ಬಟವಾಡೆ ಆಗಿ ಎಲ್ಲರೂ ಹೊರಟರು. ಬಾಂಡ್ಲಿ ಹೊರುತ್ತಿದ್ದ ಯಾದಗಿರಿ ಕಡೆಯ ಹೆಣ್ಣಾಳು ಮಾತ್ರ ನಿಂತೇ ಇದ್ದಳು. ಬುತ್ತಿ ಚೀಲದಿಂದ ನಾಲ್ಕು ಮಡಿಕೆಯ ಫಾರಂ ತೆಗೆದು, "ಅಕ್ಕಾರ, ಇಲ್ಲೊಂದ್ ಸೈ ಮಾಡ್ರಿ" ಅಂದಳು.

ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡಿನ ಫಾರಂ. ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ಕಟ್ಟಡ ಕೆಲಸ ಮಾಡಿದ್ದಾಳೆ ಅಂತ ಮಾಲೀಕರು ಬರೆದುಕೊಡಬೇಕು. ನಮ್ಮಲ್ಲಿ ಮಾಡಿದ್ದು 11 ದಿನ. ಹಾಗಂತ ಉಳಿದ ದಿನ ಸುಮ್ನೆ ಕೂತಿದ್ದಳಾ? ಬೆಳಿಗ್ಗೆ ಏಳಕ್ಕೆ ಸರ್ಕಲ್ಲಿನಲ್ಲಿ ನಿಂತು, ಕರೆದ ಮೇಸ್ತ್ರಿ ಹಿಂದೆ ಹೋಗುವವಳು. ಮನೆ ಯಾರದ್ದು ಅಂತಲೂ ಎಷ್ಟೋ ಸಲ ಗೊತ್ತಿರಲ್ಲ.

ಈ ಕಾರ್ಡು ತಂದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಉದ್ದೇಶ ಒಳ್ಳೆಯದೇ ಇತ್ತು. ಕಟ್ಟುವ ಖರ್ಚಿನ ಶೇ 1ರಷ್ಟು ಸೆಸ್, ಅಂದರೆ ಉಪಕರ, ಈ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ಮಕ್ಕಳ ಓದು, ಹೆರಿಗೆ, ಅಪಘಾತ, 60 ದಾಟಿದರೆ ಪಿಂಚಣಿ. ಪ್ಲಾನ್ ಪಾಸ್ ಮಾಡಿಸುವಾಗ ನಾನೂ ಕಟ್ಟಿದ್ದೇನೆ. ಆ ದುಡ್ಡು ಯಾರಿಗೆ ಸೇರಬೇಕೋ ಅವಳೇ ಫಾರಂ ಹಿಡಿದು ನನ್ನೆದುರು ನಿಂತಿದ್ದಳು. 2025ರ ನವೆಂಬರ್ 21ಕ್ಕೆ ಆ ಕಾಯ್ದೆಯೂ ಸೇರಿ 29 ಕಾರ್ಮಿಕ ಕಾನೂನು ಹೋಗಿ ನಾಲ್ಕು ಸಂಹಿತೆ ಬಂದವು. 90 ದಿನದ ಷರತ್ತು ಹಾಗೇ ಉಳಿಯಿತು. ಕಾರ್ಮಿಕ ಸಂಘದವರೂ ಬರೆದುಕೊಡಬಹುದು, ನಿಜ. ಅದಕ್ಕೆ ಅಲೆದ ದಿನದ ಕೂಲಿ ಹೋಯ್ತಲ್ಲ?

ಕಾನೂನು ಮೊದಲು ಕೇಳೋದು ನಿನ್ನ ಮಾಲೀಕ ಯಾರು ಅಂತ. ಇವಳಿಗೆ ವರ್ಷಕ್ಕೆ ಮೂವತ್ತು ಮಾಲೀಕರು. ಅಂದರೆ ಒಬ್ಬರೂ ಇಲ್ಲ.

2025ರಲ್ಲೇ ನಮ್ಮ ರಾಜ್ಯ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೆ ಕಾಯ್ದೆ ಮಾಡಿತು. ಅಲ್ಲಿ ಡೆಲಿವರಿ ಹುಡುಗರ ಪಟ್ಟಿಯನ್ನು ಕಂಪನಿಯೇ ಮಂಡಳಿಗೆ ಕೊಡಬೇಕು. ಇಲ್ಲೂ ಅದನ್ನೇ ಮಾಡಬಹುದು, ಅಲ್ವಾ? ನಮ್ಮ ವಿಳಾಸ, ಸೆಸ್ ರಸೀದಿ ಎಲ್ಲಾ ಸರ್ಕಾರದ ಹತ್ತಿರವೇ ಇದೆ. ಮೇಸ್ತ್ರಿ ಹೇಗೂ ದಿನಾ ಹಾಜರಿ ಬರೀತಾನೆ. ನಮ್ಮ ಮೇಸ್ತ್ರಿಯದ್ದು ಸಿಮೆಂಟ್ ಅಂಗಡಿ ಕೊಟ್ಟ ಡೈರಿ, ಎಣ್ಣೆ ಮೆತ್ತಿದ್ದು. ಹೆಸರಿನ ಮುಂದೆ ಒಂದೊಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಆ ಗೀಟುಗಳು ಸೆಸ್ ರಸೀದಿ ನಂಬರಿನ ಕೆಳಗೆ ಮೊಬೈಲಿನಿಂದ ಮಂಡಳಿಗೆ ಸೇರಿದರೆ ಸಾಕು. ಇಲ್ಲಿ 11, ಅಲ್ಲಿ 6 ಅಂತ ಕೂಡುತ್ತಾ ಹೋದರೆ 90 ಆಗೋಕೆ ಜಾಸ್ತಿ ದಿನ ಬೇಕಿಲ್ಲ.

ಅವತ್ತು ನಾನು 90 ಅಂತಲೇ ಸೈ ಹಾಕಿದೆ. ನಕಲಿ ಕಾರ್ಡಿನ ಸುದ್ದಿ ಬಂದಾಗಲೆಲ್ಲ ಬಯ್ಯುತ್ತಿದ್ದವಳು ನಾನೇ. ಬೈಯುವವರು ಈಗ ನನ್ನನ್ನೂ ಬೈಯಿರಿ.

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಇನ್ನೂ ಮೂರು ಜನ ಫಾರಂ ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬಳ ಮುಖವನ್ನು ನಾನು ನೋಡೇ ಇರಲಿಲ್ಲ.