ಓ ಅಕ್ಕಾ, ಬರಿಕ್ ಪೋಲೆ!

ಎದುರಿಗೆ ಗ್ಯಾಸ್ ಟ್ಯಾಂಕರು. ಬಲಕ್ಕೆ ಬಂದರಿನ ಕಂಟೈನರ್ ಲಾರಿ. ಎಡಕ್ಕೆ ಕೂಳೂರು ಸೇತುವೆಯ ತಡೆಗೋಡೆ, ಅದರ ಕೆಳಗೆ ಮಳೆಗೆ ತುಂಬಿ ಕೆಂಪಾಗಿ ಹರಿಯುವ ಫಲ್ಗುಣಿ. ಹಿಂದೆ ಉಡುಪಿಯಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು. ಅದರ ಡ್ರೈವರ್ ಹಾರ್ನಿನ ಮೇಲೆ ಇಟ್ಟ ಕೈ ತೆಗೆಯುವ ಹಾಗೆ ಕಾಣುವುದಿಲ್ಲ. ಇಷ್ಟರ ನಡುವೆ ನಾನು ಮತ್ತು ನನ್ನ ಸ್ಕೂಟರು. ಈಗ ಹೇಳಿ ಮಾರಾಯ್ರೆ, ಅವನಿಗೆ ಸೈಡ್ ಕೊಡಲಿಕ್ಕೆ ನಾನು ಹೋಗಬೇಕಾದದ್ದು ಎಲ್ಲಿಗೆ? ನದಿಗಾ?

ಇದು ಇವತ್ತು ಬೆಳಗ್ಗಿನ ಕಥೆ. ಕಿವಿಯಲ್ಲಿ ಇನ್ನೂ ಕುಂಯ್ ಅನ್ನುತ್ತಾ ಉಂಟು.

ಮಂಗಳೂರು–ಉಡುಪಿ ರೂಟಿನ ಎಕ್ಸ್‌ಪ್ರೆಸ್ಸಿನ ಹಾರ್ನ್ ಕೇಳದವರಿಗೆ ಅದನ್ನು ವಿವರಿಸುವುದು ಕಷ್ಟ. ಅದು ಮೊದಲು ಬೆನ್ನುಹುರಿಗೆ ತಾಗುತ್ತದೆ, ಆಮೇಲೆ ನಿಧಾನಕ್ಕೆ ಕಿವಿಗೆ ಬರುತ್ತದೆ. ಪೊಲೀಸರು ಆಗಾಗ ಬಸ್ಸುಗಳನ್ನು ನಿಲ್ಲಿಸಿ ಕರ್ಕಶ ಹಾರ್ನ್ ಕಿತ್ತು ರಾಶಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪೇಪರಿನಲ್ಲಿ ಆ ಫೋಟೋ ನೋಡಿ ನಮಗೆ ಖುಷಿಯಾಗುತ್ತದೆ. ಒಂದು ವಾರ ಬಸ್ಸುಗಳು ಶೀತವಾದವರ ಹಾಗೆ ಪೀ ಪೀ ಅನ್ನುತ್ತವೆ. ಎಂಟನೆಯ ದಿನಕ್ಕೆ ಸ್ವರ ಸರಿಯಾಗಿರುತ್ತದೆ.

ಡ್ರೈವರನದ್ದಾದರೂ ಹೋಗಲಿ, ಅವನ ಮುಖ ನಮಗೆ ಕಾಣುವುದಿಲ್ಲ. ಕಾಣುವುದು ಕಂಡಕ್ಟರ್. ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ. ಬೆರಳುಗಳ ಸಂದಿನಲ್ಲಿ ಉದ್ದಕ್ಕೆ ಮಡಚಿದ ನೋಟುಗಳು. ಹತ್ತರದ್ದು ಬೇರೆ, ಐವತ್ತರದ್ದು ಬೇರೆ. ಅದೇ ಕೈಯಿಂದ ಬಸ್ಸಿನ ತಗಡಿಗೆ ಟಪ ಟಪ ಬಡಿಯುತ್ತಾನೆ, ಒಂದು ನೋಟೂ ಬೀಳುವುದಿಲ್ಲ. ಇವತ್ತು ಅವನು ಸೊಂಟದವರೆಗೆ ಹೊರಗೆ ಬಗ್ಗಿ, ಅಂಗಳಕ್ಕೆ ಬಂದ ಪಕ್ಕದ ಮನೆಯ ಕೋಳಿ ಓಡಿಸುವ ಹಾಗೆ ಕೈ ಬೀಸಿ ಕೂಗಿದ: “ಓ ಅಕ್ಕಾ, ಬರಿಕ್ ಪೋಲೆ! ಬರಿಕ್ ಪೋಲೆ!” ಬದಿಗೆ ಹೋಗಬೇಕಂತೆ. ಅಕ್ಕ ಅಂತ ಕರೆದೇ ನದಿಗೆ ತಳ್ಳುವವರು ನಮ್ಮ ಊರಿನವರು. ಸಿಟ್ಟು ಪೂರ್ತಿ ಬರಲಿಕ್ಕೂ ಬಿಡುವುದಿಲ್ಲ.

ಸೇತುವೆ ಮುಗಿದದ್ದೇ ತಡ, ಟ್ಯಾಂಕರಿಗೂ ನನಗೂ ನಡುವೆ ಇದ್ದ ಒಂದು ಮಾರು ಜಾಗಕ್ಕೆ ಇಡೀ ಬಸ್ಸನ್ನು ನುಗ್ಗಿಸಿ, ಹೊಂಡದ ನೀರನ್ನೆಲ್ಲ ನನ್ನ ರೇನ್‌ಕೋಟಿಗೆ ಎರಚಿ ಹಾರಿ ಹೋದ. ಹೋದವನು ಎಲ್ಲಿ ಸಿಕ್ಕಿದ ಗೊತ್ತುಂಟಾ? ಕೊಟ್ಟಾರ ಚೌಕಿಯಲ್ಲಿ. ನಡುರಸ್ತೆಯಲ್ಲಿ, ನನ್ನ ಮುಂದೆಯೇ. ಹೊಗೆ ಬಿಡುತ್ತಾ ನಿಂತಿದ್ದಾನೆ. ಕಂಡಕ್ಟರ್ ಕೆಳಗಿಳಿದು “ಲಾಲ್‌ಬಾಗ್, ಜ್ಯೋತಿ, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್” ಅಂತ ಕರೆಯುತ್ತಿದ್ದಾನೆ. ಎಷ್ಟೋ ದೂರದಲ್ಲಿ ಒಬ್ಬರು ಅಜ್ಜ ಕೊಡೆ ಎತ್ತಿ ತೋರಿಸಿದರು. ಸರಿ, ಅವರು ಬರುವವರೆಗೆ ಬಸ್ಸು ಕಾಯಿತು. ಅಜ್ಜ ಲುಂಗಿ ಎತ್ತಿ ಕಟ್ಟಿ, ನೀರು ತುಂಬಿದ ಹೊಂಡ ಬಳಸಿ, ದಾರಿಯಲ್ಲಿ ಸಿಕ್ಕಿದವರ ಹತ್ತಿರ ಎರಡು ಮಾತಾಡಿ, ಹತ್ತಿ, ಕೊಡೆ ಮಡಚಿ, ಕೊಡೆಯ ನೀರು ಕೊಡವಿದರು. ಆಗ “ರೈಟ್, ಪೋಯಿ!” ಸೇತುವೆಯ ಮೇಲೆ ನನ್ನ ಪ್ರಾಣ ತೆಗೆದು ಉಳಿಸಿದ ಸಮಯವೆಲ್ಲ ಅಜ್ಜನ ಕೊಡೆಗೆ ಖರ್ಚಾಯಿತು.

ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಟೈಮಿಂಗ್. ಪರ್ಮಿಟ್ಟಿನಲ್ಲಿ ಯಾವ ಬಸ್ಸು ಯಾವ ಸ್ಟಾಪಿಗೆ ಎಷ್ಟೊತ್ತಿಗೆ ಅಂತ ಇರುತ್ತದೆ. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಅಂತರ ಕೆಲವೇ ನಿಮಿಷ. ಮುಂದಿನವನು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನವನ ಜನ ಅವನ ಪಾಲು. ಕಲೆಕ್ಷನ್ ಕಡಿಮೆಯಾದರೆ ಸಂಜೆ ಮಾಲಕರಿಗೆ ಉತ್ತರ ಕೊಡಬೇಕಾದವನು ಇದೇ ಕಂಡಕ್ಟರ್. ಹಾಗಾಗಿ ಒಂದು ನಿಮಿಷ ಅಂದರೆ ಅವರಿಗೆ ಆಸ್ತಿ. ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಶುರುವಾಗಿ 2020ರ ಜನವರಿ ಕೊನೆಗೆ ಉದ್ಘಾಟನೆಯಾಗುವವರೆಗೆ ಬಾಯಿ ಮುಚ್ಚಿ ಕಾದ ಊರು ಇದು. (ಬಾಯಿ ಮುಚ್ಚಿ ಅಂದದ್ದು ತಪ್ಪು, ವಾಟ್ಸಾಪಿನಲ್ಲಿ ಆ ಫ್ಲೈಓವರಿಗೆ ಬಂದಷ್ಟು ಜೋಕು ಸರ್ದಾರ್ಜಿಗೂ ಬಂದಿಲ್ಲ.) ಅಂಥ ಊರಿನಲ್ಲಿ ಬಸ್ಸಿನವನಿಗೆ ಮಾತ್ರ ಅರವತ್ತು ಸೆಕೆಂಡು ತಡೆಯುವುದಿಲ್ಲ.

ಈ ಆಸ್ತಿಯ ವ್ಯಾಜ್ಯ ಹೇಗೆ ನಡೆಯುತ್ತದೆ ಅಂತ ನಮ್ಮ ಸುರತ್ಕಲ್ಲಿನಲ್ಲಿ ಮೊನ್ನೆ ಕಣ್ಣಾರೆ ನೋಡಿದೆ. ಫ್ಲೈಓವರಿನ ಬದಿಯ ಸರ್ವಿಸ್ ರಸ್ತೆ. ಒಂದು ಬಸ್ಸು ಜನ ಹತ್ತಿಸುತ್ತಾ ನಿಂತಿತ್ತು. ಹಿಂದಿನಿಂದ ಬಂದ ಇನ್ನೊಂದು ಅದನ್ನು ದಾಟಿ, ಅದರ ಮೂತಿಗೆ ಅಡ್ಡ ನಿಂತಿತು. ಸರ್ವಿಸ್ ರಸ್ತೆ ಬಂದ್. ಅಡ್ಡ ನಿಂತ ಬಸ್ಸಿನ ಕಂಡಕ್ಟರ್ ಇಳಿದು ಬಂದು ತನ್ನ ಮೊಬೈಲು ಎತ್ತಿ ಹಿಡಿದ: “ನೋಡು, ಟೈಮ್ ನೋಡು!” ಮೊದಲೇ ನಿಂತಿದ್ದ ಬಸ್ಸಿನವನೂ ಕಿಸೆಯಿಂದ ತನ್ನ ಮೊಬೈಲು ತೆಗೆದು ಅವನ ಮುಖಕ್ಕೆ ಹಿಡಿದ: “ನೀನು ನೋಡು!” ಎರಡರಲ್ಲೂ ಒಂದೇ ಟೈಮು. ಇರದೆ ಎಂತ, ಎರಡಕ್ಕೂ ಟೈಮು ಬರುವುದು ಟವರಿನಿಂದ. ಆದರೂ ಒಬ್ಬ ಇನ್ನೊಬ್ಬನ ಮೊಬೈಲನ್ನು ನಂಬಲಿಕ್ಕೆ ತಯಾರಿಲ್ಲ. ಆಮೇಲೆ ಬಸ್ಸುಗಳ ಟೈಮಿನ ಲೆಕ್ಕ ಇಡುವ ಟೈಮ್ ಕೀಪರನ್ನು ಕರೆದರು. ಅವರು ಚಾ ಕುಡಿಯುತ್ತಿದ್ದರು. ಗ್ಲಾಸು ಕೈಯಲ್ಲಿ ಹಿಡಿದೇ ಬಂದು, ಪುಸ್ತಕ ತೆರೆದು, ಕನ್ನಡಕ ಹುಡುಕಿ, ಕನ್ನಡಕ ಚಾದ ಅಂಗಡಿಯಲ್ಲೇ ಬಾಕಿಯಾಗಿದೆ ಅಂತ ಗೊತ್ತಾಗಿ, ಅದನ್ನು ತರಲಿಕ್ಕೆ ವಾಪಸು ಹೋದರು.

ಅಷ್ಟರಲ್ಲಿ ಹಿಂದೆ ರಿಕ್ಷಾ, ಸ್ಕೂಲ್ ವ್ಯಾನು, ಮೀನಿನ ಟೆಂಪೊ, ನಾನು. ಎಲ್ಲರೂ ಹಾರ್ನ್. ಕಂಡಕ್ಟರಿಬ್ಬರೂ ಒಟ್ಟಿಗೆ ತಿರುಗಿ ನಮಗೆ ಬೈದರು: “ಒಂದು ನಿಮಿಷ ನಿಲ್ಲಲಿಕ್ಕೆ ಆಗುದಿಲ್ವಾ ನಿಮಗೆ?”

ಆಗ ನಡೆಯಿತು ನೋಡಿ ತಮಾಷೆ. ಮುಂದಿನ ಬಸ್ಸಿನಿಂದ ಒಬ್ಬರು ಇಳಿದರು, ಬ್ಯಾಂಕಿನ ಬ್ಯಾಗು ಹಿಡಿದವರು. ಅವರ ಹಿಂದೆ ಕಾಲೇಜಿನ ಹುಡುಗಿಯರು. ಹಿಂದಿನ ಬಸ್ಸಿನವರೂ ಇಳಿಯತೊಡಗಿದರು. ಜಗಳಕ್ಕೆ ಸಿಕ್ಕಿಬೀಳದೆ ಆಚೆ ಮುಂದೆ ನಿಂತಿದ್ದ ಮೂರನೆಯ ಬಸ್ಸಿಗೆ ಎಲ್ಲರೂ ದಡದಡ ಹತ್ತಿದರು. ಅದು ಎಲ್ಲ ಕಡೆ ನಿಂತು ಹೋಗುವ ಸರ್ವಿಸ್ ಬಸ್ಸು; ಅದರ ಕಂಡಕ್ಟರ್ ಜನ್ಮದಲ್ಲಿ ಅಷ್ಟು ಜನ ಕಂಡಿರಲಿಕ್ಕಿಲ್ಲ. “ದುಂಬು ಪೋಲೆ, ದುಂಬು ಪೋಲೆ” (ಮುಂದೆ ಹೋಗಿ) ಅಂತ ಎಲ್ಲರನ್ನೂ ಒಳಗೆ ತುಂಬಿಸಿ, ಒಂದು ವಿಸಿಲ್ ಹೊಡೆದು ಹೊರಟೇ ಹೋದ. ಕನ್ನಡಕ ಹಾಕಿಕೊಂಡು ಟೈಮ್ ಕೀಪರ್ ವಾಪಸು ಬರುವಾಗ ಎರಡು ಖಾಲಿ ಬಸ್ಸು, ಇಬ್ಬರು ಕಂಡಕ್ಟರು, ಒಂದು ನಿಮಿಷ. ಅದು ಯಾರದ್ದು ಅಂತ ಅವರು ಬೆರಳಿಟ್ಟು ಓದಿ ಹೇಳಿದರೋ ಇಲ್ಲವೋ, ನಾನು ಆಗಲೇ ಸಂದಿನಲ್ಲಿ ಸ್ಕೂಟರು ತೂರಿಸಿ ಹೊರಬಿದ್ದಿದ್ದೆ.

ಬಸ್ಸಿನವರನ್ನು ಮಾತ್ರ ಹಿಡಿದುಕೊಂಡರೆ ಉಳಿದವರಿಗೆ ಬೇಸರವಾದೀತು. ಯು-ಟರ್ನ್ ದೂರ ಅಂತ ಹೆದ್ದಾರಿಯಲ್ಲಿ ಎದುರಿನಿಂದಲೇ ಬರುವವರು. ಬಂದವರು ನಮಗೇ “ನೋಡಿ ಬರ್ಲಿಕ್ಕೆ ಆಗುದಿಲ್ವಾ” ಅನ್ನುತ್ತಾರೆ. ಓಡುವ ಬೈಕಿನ ಹಿಂದೆ ಕೂತು ಕೊಡೆ ಬಿಡಿಸುವವರು. ಗಾಳಿಗೆ ಕೊಡೆ ಉಲ್ಟಾ ಆದಾಗ ಅದರ ಕಡ್ಡಿಗೆ ನೇರ ನಮ್ಮ ಕಣ್ಣೇ ಬೇಕು. ರಾತ್ರಿ ಹೈಬೀಮ್ ಹಾಕಿ ಬಂದು ನಮ್ಮನ್ನು ಕುರುಡು ಮಾಡಿ ಹೋಗುವವರು. ಎಡಗಾಲು ಹೊರಗೆ ಚಾಚಿ, ಅದೇ ಇಂಡಿಕೇಟರ್ ಅಂತ ನಂಬಿ ತಿರುಗಿಸುವ ರಿಕ್ಷಾದವರು. ಈ ಕೊನೆಯವರ ಮೇಲೆ ನನಗೆ ದೊಡ್ಡ ಸಿಟ್ಟಿಲ್ಲ. ಕಾಲಾದರೂ ತೋರಿಸುತ್ತಾರಲ್ಲ.

ನಮ್ಮ ಭಾವನ ಕಥೆ ಬೇರೆ. ಕಾರಿನಲ್ಲಿ ಕೂತಾಗ ಅವರಿಗೆ ಎಲ್ಲ ಬಸ್ಸಿನವರೂ ಯಮದೂತರು. ಮನೆಯ ಗ್ರೂಪಿಗೆ ಅಪಘಾತದ ವೀಡಿಯೊ ಕಳಿಸಿ ಕೆಳಗೆ “ಇವರಿಗೆ ಹೇಳುವವರು ಕೇಳುವವರು ಇಲ್ಲ” ಅಂತ ಬರೆಯುತ್ತಾರೆ. ಅದೇ ಭಾವ ಕಾರು ರಿಪೇರಿಗೆ ಬಿಟ್ಟ ದಿನ ಬಸ್ಸು ಹತ್ತಿದರೆ ಮುಲ್ಕಿ ದಾಟುವುದರೊಳಗೆ ವಾಚು ನೋಡಲು ಶುರು. ಪಡುಬಿದ್ರಿಗೆ ಬರುವಾಗ ಪಕ್ಕದವರ ಹತ್ತಿರ ಹೇಳಿಯಾಯಿತು: “ಇವ ಎಂತ, ದಿಬ್ಬಣ ಕರ್ಕೊಂಡು ಹೋಗ್ತಾ ಇದ್ದಾನಾ?” ಡ್ರೈವರಿಗೆ ಕೇಳುವಷ್ಟು ಜೋರಾಗಿಯೇ. ಆಮೇಲೆ ಡ್ರೈವರ್ ಎಕ್ಸಿಲೇಟರ್ ತುಳಿದರೆ ಭಾವ ಸೀಟಿಗೆ ಒರಗಿ, “ಹಾಂ, ಈಗ ಒಂದು ಹದಕ್ಕೆ ಬಂದ” ಅಂತ ಕಣ್ಣು ಮುಚ್ಚುತ್ತಾರೆ.

ಕಾನೂನು ಇಲ್ಲ ಅಂತ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಬೇಡದೆ ಹಾರ್ನ್ ಹಾಕಿದರೆ ಮೊದಲ ಸಲಕ್ಕೆ 1,000 ರೂಪಾಯಿ, ಮತ್ತೆ ಹಾಕಿದರೆ 2,000. ಈ ರೇಟಿನಲ್ಲಿ ನಿಯತ್ತಾಗಿ ವಸೂಲಿ ಮಾಡಿದರೆ ಕೂಳೂರಿನ ಹೊಸ ಸೇತುವೆಯ ದುಡ್ಡು ಹಳೆ ಸೇತುವೆಯ ಮೇಲೆಯೇ ಹುಟ್ಟುತ್ತದೆ. ಮುಂಬೈ ಪೊಲೀಸರು 2020ರಲ್ಲಿ ಇನ್ನೂ ಒಳ್ಳೆ ಉಪಾಯ ಮಾಡಿದ್ದರು. ಸಿಗ್ನಲಿನಲ್ಲಿ ಗದ್ದಲ 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಲೆಕ್ಕ ಮತ್ತೆ ಮೊದಲಿನಿಂದ. ಅದನ್ನು ನಮ್ಮ ನಂತೂರು ಸರ್ಕಲಿಗೆ ತಂದರೆ ಏನಾದೀತು ಅಂತ ಯೋಚಿಸಿದೆ. ಬೆಳಗ್ಗೆ ನಿಂತವರು ಅಲ್ಲಿಯೇ ಒಲೆ ಹೂಡಿ ಗಂಜಿ ಬೇಯಿಸಬೇಕು. ಮುಂದಿನ ಚುನಾವಣೆಗೆ ಅಲ್ಲಿಯದೇ ವೋಟರ್ ಲಿಸ್ಟು.

ಇಷ್ಟೆಲ್ಲ ಬೈದರೂ ಈ ಬಸ್ಸುಗಳನ್ನು ಪೂರ್ತಿ ದ್ವೇಷಿಸಲಿಕ್ಕೆ ನನ್ನಿಂದ ಆಗುವುದಿಲ್ಲ, ಅದೇ ದೊಡ್ಡ ತೊಂದರೆ. ಅಣ್ಣ ಮಂಗಳೂರಿನಲ್ಲಿ ರೂಮು ಮಾಡಿ ಓದುತ್ತಿದ್ದಾಗ ಅಮ್ಮ ಸ್ಟೀಲಿನ ಬುತ್ತಿಗೆ ಬೈರಾಸು ಸುತ್ತಿ, ಗಂಟು ಹಾಕಿ, ಬೆಳಗ್ಗಿನ ಬಸ್ಸಿನಲ್ಲಿ ಕೊಡುತ್ತಿದ್ದರು. ಕಂಡಕ್ಟರ್ ಅದನ್ನು ಡ್ರೈವರಿನ ಹಿಂದೆ, ಶಂಕರಪುರದ ಮಲ್ಲಿಗೆಯ ಕಟ್ಟುಗಳ ಪಕ್ಕ ಇಡುತ್ತಿದ್ದ. ಅಣ್ಣ ಸ್ಟಾಪಿಗೆ ಬರಲು ತಡವಾದರೆ ಹತ್ತಿರದ ಅಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದ. ಬುತ್ತಿ ತೆರೆದರೆ ಬಸಳೆ ಸಾರಿಗೂ ಮಲ್ಲಿಗೆಯ ಪರಿಮಳ ಇರುತ್ತಿತ್ತಂತೆ. ಸಂಜೆ ಅದೇ ಬಸ್ಸು ನಮ್ಮ ಗದ್ದೆಯ ಬದಿಯಲ್ಲಿ ಅರೆಗಳಿಗೆ ನಿಂತು, “ಅಮ್ಮಾ, ಮಗ ಊಟ ಮಾಡಿದ, ಉಪ್ಪು ಕಡಿಮೆಯಂತೆ” ಅಂತ ಹೇಳಿ ಖಾಲಿ ಬುತ್ತಿ ವಾಪಸು ಕೊಡುತ್ತಿತ್ತು. ಆ ಅರೆಗಳಿಗೆಯಲ್ಲಿ ಹಿಂದೆ ಯಾರು ಹಾರ್ನ್ ಹಾಕುತ್ತಿದ್ದರೋ, ನಮಗೆ ಕೇಳಿದ ನೆನಪಿಲ್ಲ. ಇವತ್ತು ಯಾವ ಬಸ್ಸಿಗೆ ಅಷ್ಟು ಪುರುಸೊತ್ತು? ಬುತ್ತಿ ಕೊಡಲಿಕ್ಕೆ ಹೋದರೆ ಬುತ್ತಿ ಒಳಗೆ, ಕೈ ಹೊರಗೆ, ಬಸ್ಸು ಕಾಪುವಿನಲ್ಲಿ.

ಅದಿರಲಿ. ಇವತ್ತು ನಾನು ಸುಮ್ಮನೆ ಬಿಡಲಿಲ್ಲ. ಕೊಟ್ಟಾರ ಚೌಕಿಯಲ್ಲಿ ಬಸ್ಸು ಅಜ್ಜನಿಗೆ ಕಾಯುವಾಗ ಅದರ ಬೆನ್ನಿನ ಮೇಲೆ ಬರೆದದ್ದನ್ನು ಪೂರ್ತಿ ಓದಿದೆ: “ಅತಿವೇಗ, ಅಜಾಗರೂಕತೆ ಕಂಡುಬಂದಲ್ಲಿ ತಿಳಿಸಿ.” ಕೆಳಗೆ ನಂಬರು. ಆಫೀಸಿಗೆ ಹೋಗಿ, ರೇನ್‌ಕೋಟಿನ ಕೆಸರು ತೊಳೆದು, ಧೈರ್ಯ ಮಾಡಿ ಫೋನ್ ಹಚ್ಚಿದೆ. ಅತ್ತಲಿನವರು ಎಷ್ಟು ವಿನಯ ಅಂತೀರಿ! “ಹೇಳಿ ಅಕ್ಕ, ಹೇಳಿ” ಅಂತ ನನ್ನ ಕಥೆ ಪೂರ್ತಿ ಕೇಳಿದರು. ಟ್ಯಾಂಕರು, ನದಿ, ಕೋಳಿ, ಕೆಸರು, ಎಲ್ಲ. ನಡುನಡುವೆ “ಛೆ ಛೆ” ಅಂದರು. ಅಪರೂಪಕ್ಕೆ ಒಬ್ಬರಾದರೂ ಕೇಳಿಸಿಕೊಂಡರಲ್ಲ ಅಂತ ನನಗೂ ಸಮಾಧಾನವಾಯಿತು.

“ಕೂಳೂರು ಸಂಕದಲ್ಲಿ ನಿಮಗೆ ಸಿಕ್ಕಿದ್ದು ಎಷ್ಟೊತ್ತಿಗೆ ಅಕ್ಕ?”

“8.42ಕ್ಕೆ.”

“8.42ಕ್ಕಾ? ಸರಿ ನೋಡಿದ್ರಾ?”

“ಸರಿ ನೋಡಿದ್ದೇನೆ. ನಾನು ಲೇಟಾಗ್ತದೆ ಅಂತ ವಾಚೇ ನೋಡ್ತಾ ಇದ್ದದ್ದು.”

ಅವರು ಯಾರನ್ನೋ ಕೂಗಿ ಪುಸ್ತಕ ತರಿಸಿದ ಸದ್ದು ಕೇಳಿತು. ಹಾಳೆ ಮಗುಚಿದ ಸದ್ದೂ ಕೇಳಿತು.

“ಒಳ್ಳೇದಾಯ್ತು ಅಕ್ಕ ನೀವು ಹೇಳಿದ್ದು. ಅವ ಆ ಹೊತ್ತಿಗೆ ಲಾಲ್‌ಬಾಗ್ ದಾಟಬೇಕಿತ್ತು. ಹೀಗೆ ಮೆಲ್ಲ ಹೋಗ್ತಾನೆ ಅಂತ ನಮಗೆ ಯಾರೂ ಹೇಳುವುದೇ ಇಲ್ಲ. ಈಗ್ಲೇ ಫೋನ್ ಮಾಡಿ ಬೈತೇನೆ ನೋಡಿ.”