ಕೋಳಿಯ ಹಗಲಿಗೂ ಒಂದು ಗೂಡು

ರಾತ್ರಿ ಮಿಕ್ಕ ಅನ್ನವನ್ನು ಇಲ್ಲಿ ಕೋಳಿಗೆ ಹಾಕುವಂತಿಲ್ಲ. ಹಾಕಿದರೆ ಕಾನೂನು ಮುರಿದಂತೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಕೋಳಿ ಸಾಕುವ ಆಸೆ ಹೇಳಿಕೊಂಡಾಗ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಹೇಳಿದ ಮೊದಲ ಮಾತು ಇದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ಎಲ್ಲೋ ಚುಚ್ಚಿತು. ಮುಸುರೆ, ತಂಗಳು, ನುಚ್ಚು ಕಾಣದ ಕೋಳಿಯೂ ಇರುತ್ತದಾ?

ವಿಚಾರಿಸಿದೆ, ನಿಜವೇ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿತ್ತು. ಸರಿಯಾಗಿ ಕುದಿಸದ ಮುಸುರೆಯನ್ನು ಹಂದಿಗಳಿಗೆ ಹಾಕಿದ್ದರಿಂದ ಅದು ಶುರುವಾಯಿತು ಎನ್ನುತ್ತಾರೆ. ಲಕ್ಷಗಟ್ಟಲೆ ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಆಮೇಲೆ ನಿಯಮ ಬಿಗಿಯಾಯಿತು. ತೋಟದಿಂದ ನೇರವಾಗಿ ಕಿತ್ತ ಸೊಪ್ಪನ್ನು ಕೋಳಿಗೆ ಕೊಡಬಹುದು. ಅದೇ ಸೊಪ್ಪು ಒಮ್ಮೆ ಅಡುಗೆಮನೆಗೆ ಹೋಗಿ ಬಂದರೆ ಕೊಡುವಂತಿಲ್ಲ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಒಳಗೆ ತರದ ಪೂರ್ತಿ ವೀಗನ್ ಮನೆಗಳಿಗೆ ಮಾತ್ರ ವಿನಾಯಿತಿ. ಇಷ್ಟೇ ಅಲ್ಲ, 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಇದ್ದರೂ ಸರ್ಕಾರದಲ್ಲಿ ಹೆಸರು ಬರೆಸಬೇಕು.

ಚನ್ನರಾಯಪಟ್ಟಣದ ಕಡೆಯ ನಮ್ಮೂರಿನಲ್ಲಿ ಕೋಳಿ ಗೂಡು ಎಂದರೆ ಜಗುಲಿ ಕೆಳಗಿನ ಒಂದು ಸಣ್ಣ ಕಿಂಡಿ. ಬಾಯಿಗೆ ಚಪ್ಪಡಿ ಕಲ್ಲು. ಮರಿ ಮಾಡಿದ ಹೇಂಟೆಗೆ ಮಂಕರಿ. ಅಷ್ಟು ಬಿಟ್ಟರೆ ಕೋಳಿಗಾಗಿ ಯಾರೂ ಏನೂ ಕಟ್ಟುತ್ತಿರಲಿಲ್ಲ. ಕಟ್ಟುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಅಜ್ಜಿ ಕಲ್ಲು ಸರಿಸಿದರೆ ಇಡೀ ಊರು ಅವುಗಳದ್ದು. ತಿಪ್ಪೆಯಲ್ಲಿ ಹುಳ, ಕಣದಲ್ಲಿ ರಾಗಿ, ಬಚ್ಚಲ ಒಲೆಯ ಬೂದಿಯಲ್ಲಿ ಹೊರಳಾಟ, ಮಧ್ಯಾಹ್ನ ಹುಣಸೆಮರದ ನೆರಳು. ಮರಿಗಳಿಗೆ ಅಂತ ಅಪ್ಪ ಹೊಲದಿಂದ ಗೆದ್ದಲು ಹತ್ತಿದ ಕಟ್ಟಿಗೆ ತಂದು ಕುಟ್ಟುತ್ತಿದ್ದರು. ನಮ್ಮಲ್ಲಿ ಗೂಡು ಇದ್ದದ್ದು ರಾತ್ರಿಗೆ ಮಾತ್ರ.

ಇಲ್ಲಿ ಗೂಡು ಕೋಳಿಯ ಇಡೀ ಬದುಕಿಗೆ. ವ್ಯತ್ಯಾಸ ಇರುವುದು ಇಲ್ಲೇ. ಹೊಸದಾಗಿ ಕೋಳಿ ಸಾಕಲು ಹೊರಟ ನಮ್ಮವರಿಗೆಲ್ಲ ನಾನು ಮೊದಲು ಹೇಳುವುದೂ ಇದನ್ನೇ. ಮರದ ಚಂದದ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಅದು ಮಲಗುವ ಕೋಣೆ ಅಷ್ಟೇ. ದುಡ್ಡು, ಯೋಚನೆ ಎರಡೂ ಹಗಲಿನ ಅಂಗಳಕ್ಕೆ, ಅಂದರೆ ಪೆಟ್ಟಿಗೆಗೆ ಸೇರಿದಂತೆ ಜಾಲರಿ ಕಟ್ಟಿದ ಓಡಾಟದ ಜಾಗಕ್ಕೆ ಹೋಗಲಿ. ಅಂಗಡಿಯವರು ಆರು ಕೋಳಿಗೆ ಸಾಕು ಎನ್ನುವ ಗೂಡಿನಲ್ಲಿ ಮೂರನ್ನು ಸಾಕಿ. ಇಕ್ಕಟ್ಟಾದರೆ ಕೋಳಿಗಳು ಒಂದರ ಗರಿ ಇನ್ನೊಂದು ಕೀಳಲು ಶುರು ಮಾಡುತ್ತವೆ. ರಕ್ತ ಕಂಡರೆ ನಿಲ್ಲಿಸುವುದೂ ಇಲ್ಲ.

ಅಂಗಳಕ್ಕೆ ಗಟ್ಟಿ ಚಾವಣಿ ಬೇಕೇ ಬೇಕು. 2022ರ ನವೆಂಬರ್ 7ರಿಂದ 2023ರ ಏಪ್ರಿಲ್ 18ರವರೆಗೆ ಹಕ್ಕಿ ಜ್ವರದ ಕಾರಣಕ್ಕೆ ಇಂಗ್ಲೆಂಡಿನ ಎಲ್ಲ ಸಾಕು ಕೋಳಿಗಳನ್ನೂ ಒಳಗೇ ಇಡಬೇಕೆಂದು ಆದೇಶವಿತ್ತು. ಹಿತ್ತಲಿನ ಎರಡು ಕೋಳಿಗೂ ಅದೇ ನಿಯಮ. ಕಾಡುಹಕ್ಕಿಯ ಹಿಕ್ಕೆ ಒಳಗೆ ಬೀಳಬಾರದು. ಐದು ತಿಂಗಳಿಗೂ ಮೇಲೆ! ಸಣ್ಣ ಅಂಗಳ ಕಟ್ಟಿದವರ ಕೋಳಿಗಳು ಆ ಚಳಿಗಾಲವನ್ನು ಹೇಗೆ ಕಳೆದಿರಬೇಕು ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಅದಕ್ಕೇ ನಮ್ಮ ಅಂಗಳದಲ್ಲಿ ತಲೆಯೆತ್ತಿ ಓಡಾಡುವಷ್ಟು ಎತ್ತರ ಬಿಟ್ಟೆ. ಒಂದು ಮೂಲೆಯಲ್ಲಿ ಒಣ ಮಣ್ಣು, ಮರಳು, ಬೂದಿ ತುಂಬಿದ ತೊಟ್ಟಿ ಇಟ್ಟೆ. ಕೆದಕಲು ಮರದ ಚಕ್ಕೆ ಹರಡಿದೆ. ಊರಿನ ತಿಪ್ಪೆ ಪುಕ್ಕಟೆ ಕೊಡುತ್ತಿದ್ದುದನ್ನೆಲ್ಲ ಇಲ್ಲಿ ದುಡ್ಡು ಕೊಟ್ಟು ಜೋಡಿಸಬೇಕು.

ನಮ್ಮ ಹೇಂಟೆಗಳು ಬಂದಿದ್ದು ಮೊಟ್ಟೆ ಫಾರಮ್ಮಿನಿಂದ. ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಕಸಾಯಿಗೆ ಹೋಗದಂತೆ ತಡೆದು ಮನೆಗಳಿಗೆ ಕೊಡುವ ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್ ಎಂಬ ಸಂಸ್ಥೆ 2005ರಿಂದ ಇಲ್ಲಿದೆ. ಒಳ್ಳೆಯ ಕೆಲಸ, ಕೈಮುಗಿಯುತ್ತೇನೆ. ಈ ಕೋಳಿಗಳು ಅಲ್ಲಿಯವರೆಗೆ ಬದುಕಿದ್ದು ಪಂಜರದಲ್ಲಿ, ತಲೆಗೆ 750 ಚದರ ಸೆಂಟಿಮೀಟರ್ ಜಾಗದಲ್ಲಿ. ಎ4 ಹಾಳೆಗಿಂತ ಸ್ವಲ್ಪವೇ ಜಾಸ್ತಿ. ಕುತ್ತಿಗೆ ಮೇಲೆ ಗರಿ ಇರಲಿಲ್ಲ. ಮಣ್ಣಿಗೆ ಕಾಲಿಡಲು ಹೆದರಿದವು. ಮೊದಲ ಸಂಜೆ ಕತ್ತಲಾದರೂ ಗೂಡು ಹತ್ತಲು ತಿಳಿಯದೆ ಅಂಗಳದ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದವು. ಒಂದೊಂದನ್ನೇ ಎತ್ತಿ ಅಡ್ಡಕೋಲಿನ ಮೇಲೆ ಕೂರಿಸಿದೆ. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ.

ಊರಿನ ಕೋಳಿಗೆ ಇದನ್ನೆಲ್ಲ ಯಾರೂ ಕಲಿಸಬೇಕಿಲ್ಲ. ತಾಯಿ ಹೇಂಟೆ ಕೆದಕಿ ತೋರಿಸುತ್ತದೆ, ಹದ್ದಿನ ನೆರಳು ಕಂಡರೆ ಕೂಗಿ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಬುದ್ಧಿ ಬಂದ ಮರಿಗಳನ್ನು ಕುಕ್ಕಿ ಓಡಿಸಿ, ಮತ್ತೆ ಮೊಟ್ಟೆಗೆ ಕೂರುತ್ತದೆ. ಇಲ್ಲಿ ಹೆಚ್ಚಿನ ಹಿತ್ತಲಲ್ಲಿ ಹುಂಜವೇ ಇಲ್ಲ. ಕೂಗಿದರೆ ಅಕ್ಕಪಕ್ಕದವರು ದೂರು ಕೊಡುತ್ತಾರೆ. ಬಾಡಿಗೆ ತೋಟಗಳಲ್ಲಿ ಕೋಳಿ ಸಾಕುವ ಹಕ್ಕು ಕೊಟ್ಟ 1950ರ ಕಾಯ್ದೆ ಕೂಡ ಹುಂಜವನ್ನು ಹೊರಗಿಟ್ಟಿದೆ. ತಾಯಿ, ಮರಿ, ಹುಂಜ, ತಿಪ್ಪೆ ಇಲ್ಲದ ಕೋಳಿ ಬಾಳು ಎಷ್ಟು ಭದ್ರವಾಗಿದ್ದರೂ ಅರ್ಧ ಬಾಳು ಎಂದೇ ನನಗನಿಸುತ್ತದೆ. ನಮ್ಮೂರಿನ ಹೇಂಟೆಯೇ ಚೆನ್ನಾಗಿ ಬದುಕಿತು. ಈ ಮಾತನ್ನು ಇಲ್ಲಿನ ಗೆಳೆಯರ ಮುಂದೆಯೂ ಹೇಳುತ್ತೇನೆ.

ಬದುಕಿದಷ್ಟು ದಿನ ಅಂತ ಸೇರಿಸಬೇಕು, ಅಲ್ವಾ. ಹತ್ತು ಮರಿ ಇಳಿದರೆ ದೊಡ್ಡದಾಗುತ್ತಿದ್ದದ್ದು ಮೂರೋ ನಾಲ್ಕೋ. ಮುಂಗುಸಿ, ಹದ್ದು, ಕಾಡುಬೆಕ್ಕು ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದವು. ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಕೇರಿಯ ಕೋಳಿಯೆಲ್ಲ ಖಾಲಿ. ಲಸಿಕೆ ಇದ್ದರೂ ನಾಲ್ಕು ಕೋಳಿಗೆ ಯಾಕೆ ಅಂತ ಹಾಕಿಸುತ್ತಿರಲಿಲ್ಲ. ಹಕ್ಕಿ ಜ್ವರ ನಮ್ಮಲ್ಲೂ ಬಂದಿದೆ. 2025ರಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಇನ್ನು ಜಗುಲಿ ಕೆಳಗಿನ ಗೂಡಿಗೆ ಗಾಳಿಯೇ ಇರಲಿಲ್ಲ. ಒಳಗೆ ಕೈ ಹಾಕಿದರೆ ತೋಳಿನ ತುಂಬ ಹೇನು. ಕೋಳಿ ಉಸಿರಾಡುವ ಜಾಗದ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ.

ಇಲ್ಲಿನವರು ಅದನ್ನು ಯೋಚಿಸಿದ್ದಾರೆ, ಒಪ್ಪುತ್ತೇನೆ. ಕೂತ ಕೋಳಿಯ ತಲೆಗಿಂತ ಮೇಲೆ ಗಾಳಿ ಕಿಂಡಿ ಇಡುತ್ತಾರೆ. ತೇವ, ಘಾಟು ಹೊರಗೆ ಹೋಗುತ್ತದೆ, ಚಳಿಗಾಳಿ ಕೋಳಿಗೆ ತಾಗುವುದಿಲ್ಲ. ತೆಳು ಕೋಳಿ ಬಲೆಯನ್ನು ನರಿ ಹರಿಯುತ್ತದೆ ಎಂದು ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಲರಿ ಹಾಕುತ್ತಾರೆ. ಅದೇ ಜಾಲರಿಯನ್ನು ನೆಲದ ಮೇಲೆ ಹೊರಮುಖವಾಗಿ ಒಂದೂವರೆ ಅಡಿ ಹಾಸುತ್ತಾರೆ. ಬುಡದಲ್ಲಿ ತೋಡಲು ಬಂದ ನರಿಗೆ ಅದೇ ಅಡ್ಡ.

ಊರಿನಲ್ಲಿ ತಮ್ಮ ಈಗ ಗಿರಿರಾಜ ಕೋಳಿ ತಂದಿದ್ದಾನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಬೆಳೆಸಿದ ತಳಿ. ಅವನಿಗೆ ಫೋನಿನಲ್ಲಿ ಹೇಳಿದ್ದೇನೆ: ಹಗಲು ಈಗಿನಂತೆಯೇ ಬಿಡು, ಕೊಕ್ಕರೆ ರೋಗದ ಲಸಿಕೆ ಹಾಕಿಸು, ರಾತ್ರಿಗೆ ಮಾತ್ರ ನೆಲದಿಂದ ಎರಡಡಿ ಎತ್ತರದಲ್ಲಿ ಹೊಸ ಗೂಡು ಕಟ್ಟು. ಮೇಲ್ಗಡೆ ಎರಡೂ ಕಡೆ ಜಾಲರಿ ಕಿಂಡಿ ಇರಲಿ. ಜಾಲರಿ ಚನ್ನರಾಯಪಟ್ಟಣದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿದ್ದರೆ ಬೇಡ.