ಸುಣ್ಣದ ಡಬ್ಬಿಯ ಸುಪ್ರಭಾತ

ನಮ್ಮ ಮನೆಯ ಹಾಲಿನಲ್ಲಿ ಎರಡು ದೊಡ್ಡ ಸ್ಪೀಕರ್‌ಗಳಿವೆ. 1994ರಲ್ಲಿ, ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೋನಸ್ಸನ್ನು ಪೂರ್ತಿ ಸುರಿದು ಆಂಪ್ಲಿಫೈಯರ್ ಸಮೇತ ತಂದದ್ದು. ಮದುವೆಗೆ ಮೊದಲೇ ಮನೆ ಸೇರಿದವು ಎಂಬ ಕಾರಣಕ್ಕೆ ನನ್ನ ಹೆಂಡತಿ ಅವನ್ನು ‘ನಿಮ್ಮ ಹಿರಿ ಹೆಂಡ್ತೀರು’ ಎನ್ನುತ್ತಾಳೆ. ಒಂದರ ಮೇಲೆ ಮನಿ ಪ್ಲಾಂಟ್ ಕುಂಡ, ಇನ್ನೊಂದರ ಮೇಲೆ ಚನ್ನಪಟ್ಟಣದ ಗೊಂಬೆಗಳು. ಇತ್ತೀಚಿನ ಹತ್ತು ವರ್ಷ ಅವು ಸ್ಪೀಕರ್ ಆಗಿ ದುಡಿದದ್ದಕ್ಕಿಂತ ಸ್ಟೂಲ್ ಆಗಿ ದುಡಿದದ್ದೇ ಜಾಸ್ತಿ.

ಎಲ್ಲ ಶುರುವಾದದ್ದು ಹೊಸ ಟಿವಿಯಿಂದ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಷ್ಟು ತೆಳ್ಳಗಿರುವ ಟಿವಿ. ದನಿಯೂ ಅಷ್ಟೇ ತೆಳ್ಳಗೆ. ಹೀರೋ ಎಷ್ಟೇ ಗುಡುಗಿದರೂ ನೆಗಡಿಯಾದವನ ಥರ ಕೇಳಿಸುತ್ತಿತ್ತು. ಸರಿ, ಹಳೆ ಆಂಪ್ಲಿಫೈಯರಿಗೆ ಜೋಡಿಸೋಣ ಎಂದು ಟಿವಿಯ ಬೆನ್ನು ನೋಡಿದೆ. ಹಿಂದಿನ ಟಿವಿಯಲ್ಲಿದ್ದ ಕೆಂಪು-ಬಿಳಿ ತೂತುಗಳು ಮಾಯ! ಅವುಗಳ ಜಾಗದಲ್ಲಿ ಗುಬ್ಬಿ ಗೂಡಿನ ಬಾಗಿಲಿನಂಥ ಒಂದು ಪುಟ್ಟ ಚೌಕ. ಅದರೊಳಗೆ ಕೆಂಪು ಬೆಳಕು. ಆಪ್ಟಿಕಲ್ ಅಂತೆ. ನನ್ನ ಆಂಪ್ಲಿಫೈಯರಿಗೆ ಬೆಳಕು ಕೇಳಿಸುವುದಿಲ್ಲ.

“ಸೌಂಡ್‌ಬಾರ್ ತಗೊಳಪ್ಪ, ಮುಗೀತು” ಎಂದಳು ಮಗಳು. ಮೂವತ್ತು ವರ್ಷದ ಸಂಸಾರ ಮುರಿಯುವ ಮಾತು. ಆಗಲೇ ಗೆಳೆಯನೊಬ್ಬ ಡ್ಯಾಕ್ ಹಾಕು ಎಂದ. ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಒಂದು ಕಡೆಯಿಂದ ಟಿವಿಯ ಬೆಳಕನ್ನು ಒಳಗೆ ಬಿಟ್ಟರೆ ಇನ್ನೊಂದು ಕಡೆ ಕೆಂಪು-ಬಿಳಿ ತೂತಿನಿಂದ ಹಾಡು ಬರುತ್ತದೆ. ವೈರಿನಲ್ಲಿ ಕರೆಂಟು ಹರಿಯುವುದಿಲ್ಲ, ಬರೀ ಬೆಳಕು. ಹಾಗಾಗಿ ಗುಂಯ್ ಎನ್ನುವ ಕಾಟವೂ ಇಲ್ಲ. ಅಂಗೈಯಗಲದ ಡಬ್ಬಿ, ಹತ್ತು ನಿಮಿಷದ ಕೆಲಸ ಎಂದೂ ಹೇಳಿದ. ಆ ಹತ್ತು ನಿಮಿಷದ ಲೆಕ್ಕವನ್ನು ಅವನಿಂದ ಇನ್ನೂ ವಸೂಲು ಮಾಡಬೇಕಾಗಿದೆ.

ನಮ್ಮ ಮನೆಯಲ್ಲಿ ಯಾವ ಖರ್ಚೇ ಆಗಲಿ, ಅಮ್ಮನಿಗೆ ಅರ್ಥವಾದರೆ ಅರ್ಧ ಪಾಸಾದಂತೆ. “ಅಮ್ಮ, ನೀನು ಚುಕ್ಕಿ ರಂಗೋಲಿ ಹಾಕ್ತೀಯಲ್ಲ, ಹಾಗೇ ಇದು. ಹಾಡನ್ನ ಡಿಜಿಟಲ್ ಮಾಡೋದು ಅಂದ್ರೆ ಬರೀ ಚುಕ್ಕಿ ಇಟ್ಟು ಬಿಡೋದು. ಈ ಡ್ಯಾಕ್ ಆ ಚುಕ್ಕಿ ನೋಡ್ಕೊಂಡು ಗೆರೆ ಎಳೆಯತ್ತೆ. ಗೆರೆ ಬಿದ್ದ ಮೇಲೇ ಸ್ಪೀಕರಿಗೆ ಹಾಡು.”

“ಎಷ್ಟು ಚುಕ್ಕಿ?”

“ಸಿಡಿಯಲ್ಲಾದ್ರೆ ಒಂದು ಸೆಕೆಂಡಿಗೆ 44,100. ಎಡಗಡೆ ಸ್ಪೀಕರಿಗೆ ಅಷ್ಟು, ಬಲಗಡೆಗೆ ಅಷ್ಟು. ಒಂದೊಂದು ಚುಕ್ಕಿಗೂ 65,536 ಮೆಟ್ಟಿಲಲ್ಲಿ ಯಾವುದೋ ಒಂದು ಜಾಗ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಧನುರ್ಮಾಸದಲ್ಲೂ ನಾನು ಇಪ್ಪತ್ತೊಂದರ ಮೇಲೆ ಹೋಗಿಲ್ಲ ಕಣೋ” ಎಂದಳು. ಆಮೇಲೆ, “ಗೆರೆ ಬಳುಕಬೇಕು. ಮೆಟ್ಟಿಲು ಮೆಟ್ಟಿಲಾಗಿ ಎಳೆದ್ರೆ ಅದು ರಂಗೋಲಿ ಅಲ್ಲ, ಕಾಂಪೌಂಡ್ ಗೋಡೆ” ಎಂದು ಸೇರಿಸಿದಳು. ಡ್ಯಾಕ್ ಮಾಡುವ ಎಂಜಿನಿಯರುಗಳ ತಲೆನೋವೂ ಇದೇ. ಅವರು ಅದಕ್ಕೆ ಫಿಲ್ಟರ್ ಎನ್ನುತ್ತಾರೆ.

ಡಬ್ಬಿ ಬಂತು. ಅಮ್ಮ ತಿರುಗಿಸಿ ಮುರುಗಿಸಿ ನೋಡಿ, “ಇಷ್ಟೇನಾ? ನಿಮ್ಮಜ್ಜಿ ಸುಣ್ಣದ ಡಬ್ಬಿ ಥರ ಇದೆ” ಎಂದಳು. ಅಂದಿನಿಂದ ಅದರ ಹೆಸರು ಸುಣ್ಣದ ಡಬ್ಬಿ. ಎಸ್.ಪಿ. ರೋಡಿಗೆ ಹೋಗಿ ಆಪ್ಟಿಕಲ್ ವೈರು ತಂದೆ. ಭಾನುವಾರ ಸಂಜೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಶೋಕೇಸಿನ ಹಿಂದೆ ತೂರಿಕೊಂಡೆ.

ಶೋಕೇಸಿನ ಹಿಂದೆ ಒಂದು ಬೇರೆಯೇ ಲೋಕವಿದೆ. ಕಳೆದುಹೋಗಿದ್ದ ಎರಡು ಪೆನ್ನು, ಚೌಕಾಬಾರದ ಒಂದು ಕವಡೆ, ಮಗಳ ಆರನೇ ಕ್ಲಾಸಿನ ಜಾಮಿಟ್ರಿ ಬಾಕ್ಸಿನ ಮುಚ್ಚಳ, ಒಂದು ಹಲ್ಲಿ. ಹಲ್ಲಿ ನನ್ನನ್ನು ನೋಡಿ ಲೊಚಗುಟ್ಟಿತು. ಅದನ್ನು ಶುಭಶಕುನ ಅಂದುಕೊಂಡದ್ದು ನನ್ನ ತಪ್ಪು. ಡಬ್ಬಿಯ ಅಡಾಪ್ಟರಿಗೆ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಜಾಗವಿರಲಿಲ್ಲ. ಯಾವುದೋ ಒಂದು ಕರಿ ಪ್ಲಗ್ಗು ಸುಮ್ನೆ ಕೂತಂತೆ ಕಂಡಿತು, ಕಿತ್ತೆ. ಒಳಗಿನ ರೂಮಿನಿಂದ ಹೆಂಡತಿಯ ದನಿ: “ರೀ! ಅಮೆರಿಕದವರ ಜೊತೆ ಮೀಟಿಂಗಲ್ಲಿದೀನಿ! ವೈಫೈ ಏನಾಯ್ತು?” ಕರಿ ಪ್ಲಗ್ಗು ಸುಮ್ನೆ ಕೂತಿರಲಿಲ್ಲ.

ಅಂತೂ ಎಲ್ಲ ಜೋಡಿಸಿ ಈಚೆ ಬಂದು ಟಿವಿ ಹಾಕಿದೆ. ಚಿತ್ರ ಇದೆ, ಸದ್ದಿಲ್ಲ. ವಾಲ್ಯೂಮ್ ಏರಿಸಿದೆ. ಇಲ್ಲ. ಪೂರ್ತಿ ತಿರುಗಿಸಿದೆ. ಇಲ್ಲ. ಆಂಪ್ಲಿಫೈಯರಿನ ಹಿಂದೆ ಆಕ್ಸ್, ಟ್ಯೂನರ್, ಟೇಪ್, ಫೋನೊ ಎಂದು ಸಾಲಾಗಿ ತೂತುಗಳಿವೆ. ಒಂದರಲ್ಲಿ ಆಗದಿದ್ದರೆ ಇನ್ನೊಂದು ಎಂದು ಪಿನ್ನುಗಳನ್ನು ಎಲ್ಲದಕ್ಕೂ ಚುಚ್ಚುತ್ತಾ ಹೋದೆ. ಪ್ರತಿ ಸಲವೂ ಮುಂದಿನ ಗುಂಡಿಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದೆ. ಕೊನೆಗೆ ಫೋನೊದಲ್ಲಿ ಬಿಟ್ಟು ಕೈಚೆಲ್ಲಿದೆ. ವಾಲ್ಯೂಮ್ ಪೂರ್ತಿಯಲ್ಲೇ ಇತ್ತು. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಎರಡು ದಿನ ಡಬ್ಬಿಯನ್ನು ಬೈದೆ, ವೈರನ್ನು ಬೈದೆ, ಗೆಳೆಯನನ್ನಂತೂ ಬಿಡಲೇ ಇಲ್ಲ. ಮಂಗಳವಾರ ಮಗಳು ಕಾಲೇಜಿನಿಂದ ಬಂದು ವೈರಿನ ತುದಿ ಎಳೆದು ನೋಡಿದಳು. “ಅಪ್ಪಾ, ಈ ಟೊಪ್ಪಿ ತೆಗೀಬೇಕಲ್ವಾ?”

ಆಪ್ಟಿಕಲ್ ವೈರಿನ ಎರಡೂ ತುದಿಗೆ ಧೂಳು ಕೂರದಿರಲಿ ಎಂದು ಗಾಜಿನಂಥ ಪ್ಲಾಸ್ಟಿಕ್ ಟೊಪ್ಪಿ ಹಾಕಿರುತ್ತಾರೆ. ಅದರ ಸಮೇತ ಅದುಮಿದ್ದೆ. ಒಳಗೆ ಹೋಗುವುದಿಲ್ಲ ಎಂದು ಅದು ಸಾಕಷ್ಟು ಪ್ರತಿಭಟಿಸಿತ್ತು. ಹೊಸದಲ್ವಾ, ಬಿಗಿ ಇರುತ್ತೆ ಎಂದುಕೊಂಡು ಹೆಬ್ಬೆರಳಿನಿಂದ ತಳ್ಳಿ ನಿಲ್ಲಿಸಿದ್ದೆ. ಈ ಜೋಡಣೆಯನ್ನು ತೋಷಿಬಾದವರು 1983ರಲ್ಲೇ ಕಂಡುಹಿಡಿದರು. ಅದರ ಟೊಪ್ಪಿಯನ್ನು ನಮ್ಮ ಮನೆಯಲ್ಲಿ ಕಂಡುಹಿಡಿಯಲು ನಲವತ್ತು ವರ್ಷ ಮತ್ತು ಎರಡು ದಿನದ ಮೇಲಾಯಿತು.

ಟೊಪ್ಪಿ ತೆಗೆದು ಸಿಕ್ಕಿಸಿದರೂ ಸದ್ದಿಲ್ಲ. ಮಗಳು ರಿಮೋಟ್ ಹಿಡಿದು ಟಿವಿಯ ಹೊಟ್ಟೆಯೊಳಗೆ ಇಳಿದಳು. ಸೆಟ್ಟಿಂಗ್ಸ್, ಅದರೊಳಗೆ ಸೌಂಡ್, ಅದರೊಳಗೆ ಡಿಜಿಟಲ್ ಔಟ್‌ಪುಟ್. ಅಲ್ಲಿ ಬಿಟ್‌ಸ್ಟ್ರೀಮ್ ಎಂದಿತ್ತು. ಅಂದರೆ ಟಿವಿ ಆರು ಸ್ಪೀಕರಿನ ಹೋಮ್ ಥಿಯೇಟರಿಗೆ ಆಗುವಂತೆ ಸದ್ದನ್ನು ಗಂಟು ಕಟ್ಟಿ ಕಳಿಸುತ್ತಿತ್ತು. ನಮ್ಮ ಸುಣ್ಣದ ಡಬ್ಬಿಗೆ ಗಂಟು ಬಿಚ್ಚಲು ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಬಿಡಿ ಚುಕ್ಕಿ, ಅಂದರೆ ಪಿಸಿಎಂ, ಒಂದೇ. “ಪಿಸಿಎಂ ಹಾಕ್ಲಾ ಅಪ್ಪ?” ಎಂದಳು.

“ಹಾಕು” ಎಂದೆ.

ಫೋನೊ ಎಂಬ ತೂತು ಇರುವುದು ಗ್ರಾಮಫೋನ್ ತಟ್ಟೆಗೆ. ಆ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಅದಕ್ಕೇ ಆಂಪ್ಲಿಫೈಯರ್ ಅಲ್ಲಿ ಕಿವಿಗೆ ಕೈ ಅಡ್ಡ ಹಿಡಿದು, ಬಗ್ಗಿ ಕೇಳಿಸಿಕೊಳ್ಳುತ್ತಿರುತ್ತದೆ. ಡ್ಯಾಕ್ ಕೊಡುವುದು 2 ವೋಲ್ಟ್. ನಾನೂರು ಪಟ್ಟು. ಪಿಸುಮಾತಿಗೆ ಕಾದು ಕೂತವನ ಕಿವಿಯಲ್ಲಿ ತಮಟೆ ಬಾರಿಸಿದಂತೆ. ಅದೂ ವಾಲ್ಯೂಮ್ ಪೂರ್ತಿ ತಿರುಗಿದ್ದಾಗ.

ಆ ಕ್ಷಣ ಟಿವಿಯಲ್ಲಿ ಒಬ್ಬಾಕೆ ಸೋಪಿನ ಬಗ್ಗೆ ಮೃದುವಾಗಿ ಏನೋ ಹೇಳುತ್ತಿದ್ದರು. ನಮಗೆ ಕೇಳಿಸಿದ್ದು ರಾಗಿ ಗಿರಣಿಗೆ ಜಲ್ಲಿ ಸುರಿದ ಸದ್ದು. ಚನ್ನಪಟ್ಟಣದ ಗೊಂಬೆಗಳು ಒಂದೊಂದಾಗಿ ನಡೆದುಕೊಂಡು ಹೋಗಿ ಕೆಳಗೆ ಹಾರಿದವು. ಅಮ್ಮ ದೇವರ ಮನೆಯಿಂದ ಗಂಟೆ ಹಿಡಿದುಕೊಂಡೇ ಓಡಿ ಬಂದಳು. ನಾನು ಆಂಪ್ಲಿಫೈಯರಿನ ಬದಲು ಟಿವಿಯ ರಿಮೋಟಿನಲ್ಲಿ ವಾಲ್ಯೂಮ್ ಒತ್ತುತ್ತಾ ನಿಂತಿದ್ದೆ. ಮೇಲ್ಗಡೆ ಮನೆಯ ಅಂಕಲ್ ಫೋನ್ ಮಾಡಿದರು. “ಏನ್ರೀ, ಮನೆಯೊಳಗೇ ಬೋರ್‌ವೆಲ್ ಕೊರೆಸ್ತಿದೀರಾ? ನೀರು ಬಂತಾ?”

ಸ್ಪೀಕರ್‌ಗಳು ಬದುಕಿದವು. ಪಿನ್ನು ಆಕ್ಸ್‌ಗೆ ಹೋಯಿತು. ಹಾಡು ಬಂತು, ನಿಜವಾಗಿಯೂ ಬಂತು. ಆದರೆ ಟಿವಿ ರಿಮೋಟಿನ ವಾಲ್ಯೂಮಿಗೂ ಈ ಸದ್ದಿಗೂ ಸಂಬಂಧವೇ ಇಲ್ಲ ಎಂದು ಆಗ ಗೊತ್ತಾಯಿತು. ನಮ್ಮ ಟಿವಿಯಲ್ಲಿ ಆಪ್ಟಿಕಲ್ ಬಾಗಿಲಿನಿಂದ ಸದ್ದು ಯಾವಾಗಲೂ ಒಂದೇ ಅಳತೆಯಲ್ಲಿ ಹೊರಡುತ್ತದೆ. ಏರಿಸುವುದು ಇಳಿಸುವುದೆಲ್ಲ ಆಂಪ್ಲಿಫೈಯರಿನ ಗುಂಡಿಯಲ್ಲಿ. ಅದಕ್ಕೆ ರಿಮೋಟೇ ಇಲ್ಲ. ಧಾರಾವಾಹಿಯಲ್ಲಿ ಅತ್ತೆ ಪಿಸುಗುಟ್ಟಿದಾಗ ಎದ್ದು ಏರಿಸಬೇಕು, ಜಾಹೀರಾತು ಬಂದಾಗ ಓಡಿ ಇಳಿಸಬೇಕು. ರಾತ್ರಿ ಊಟದ ಹೊತ್ತಿಗೆ ನನಗೆ ಎಂಟು ಹತ್ತು ಸಲ ಎದ್ದು ಕೂತು ಆಗುತ್ತಿತ್ತು. ಡಾಕ್ಟರು ನಡೀರಿ ಎಂದಿದ್ದರು. ಈ ಥರ ಅಂತ ಹೇಳಿರಲಿಲ್ಲ.

ಶನಿವಾರ ಎಲ್ಲರನ್ನೂ ಸೋಫಾದಲ್ಲಿ ಕೂರಿಸಿ ಪರೀಕ್ಷೆ ಇಟ್ಟೆ. ಹಳೆ ಡಿವಿಡಿ ಪ್ಲೇಯರಿಗೆ ವೀಣೆಯ ಸಿಡಿ ಹಾಕಿದೆ. ಪ್ಲೇಯರಿನಿಂದ ಒಂದು ವೈರು ನೇರವಾಗಿ ಆಂಪ್ಲಿಫೈಯರಿಗೆ, ಇನ್ನೊಂದು ಡಬ್ಬಿಯ ಮೂಲಕ. ಗುಂಡಿ ತಿರುಗಿಸುವ ಕೆಲಸ ಮಗಳದು. “ನೋಡಿ, ಇದು ಡಬ್ಬಿಯದು. ತಂತಿ ಮೇಲೆ ಬೆರಳು ಜಾರೋದು ಕೇಳಿಸ್ತಾ? ಹಿಂದೆ ಮೆಲ್ಲಗೆ ಟಿಕ್ ಟಿಕ್ ಅಂತ ತಾಳ! ಇಷ್ಟು ವರ್ಷ ಈ ತಾಳ ಕೇಳಿಸೇ ಇರಲಿಲ್ಲ” ಎಂದೆ. ಹೆಂಡತಿ ಎದ್ದು ಫ್ಯಾನ್ ಆಫ್ ಮಾಡಿದಳು. ತಾಳ ನಿಂತಿತು.

“ಅಪ್ಪ, ಇನ್ನೊಂದು ವಿಷಯ,” ಎಂದಳು ಮಗಳು, “ಇಷ್ಟು ಹೊತ್ತು ಹಾಡ್ತಿದ್ದದ್ದು ಡಿವಿಡಿ ಪ್ಲೇಯರಿನ ನೇರ ವೈರು. ನಾನು ಗುಂಡಿ ಮುಟ್ಟೇ ಇಲ್ಲ.”

ಹೆಂಡತಿಗೆ ಅನುಮಾನ ಹುಟ್ಟಿತು. ಸಿಡಿ ಡಿಜಿಟಲ್ ಆದರೆ, ಇಷ್ಟು ವರ್ಷ ಅದರ ಚುಕ್ಕಿಗೆ ಗೆರೆ ಎಳೆದವರು ಯಾರು? ಹೇಳಲೇಬೇಕಾಯಿತು. ಡಿವಿಡಿ ಪ್ಲೇಯರಿನೊಳಗೂ ಒಂದು ಡ್ಯಾಕ್ ಇದೆ. 1982ರಲ್ಲಿ ಜಪಾನಿನ ಅಂಗಡಿಗೆ ಬಂದ ಮೊದಲ ಸಿಡಿ ಪ್ಲೇಯರಿನಲ್ಲೂ ಇತ್ತು. ಟಿವಿಯಲ್ಲಿದೆ, ಲ್ಯಾಪ್‌ಟಾಪಿನಲ್ಲಿದೆ, ನಮ್ಮೆಲ್ಲರ ಫೋನಿನಲ್ಲೂ ಇದೆ. ಅವಳು ಬೆರಳು ಮಡಿಸಿ ಎಣಿಸಿದಳು. “ಹಾಗಾದ್ರೆ ಮನೇಲಿ ಮೊದಲೇ ಆರು ಇತ್ತು. ಏಳನೇದಕ್ಕೆ ದುಡ್ಡು ಕೊಟ್ರಿ.”

ಮಾನ ಉಳಿಸಿಕೊಳ್ಳಲು ಗೆಳೆಯ ಕಳಿಸಿದ ಫೈಲೊಂದನ್ನು ಹಾಕಿದೆ. ಗೌಹರ್ ಜಾನ್ ಅವರ ಹಳೆಯ ತಟ್ಟೆ. 1902ರಲ್ಲೇ ಕಲ್ಕತ್ತೆಯಲ್ಲಿ ತುತ್ತೂರಿಯೊಳಗೆ ಹಾಡಿ ಗ್ರಾಮಫೋನಿಗೆ ದನಿ ಕೊಟ್ಟವರು ಅವರು. ಕೊನೆಗಾಲಕ್ಕೆ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಆ ಕಾಲದ ತಟ್ಟೆಯನ್ನು ಯಾರೋ ಪುಣ್ಯಾತ್ಮರು 24 ಬಿಟ್, 192 ಕಿಲೋಹರ್ಟ್ಸ್‌ನಲ್ಲಿ ಇಳಿಸಿದ್ದರು. ಸೆಕೆಂಡಿಗೆ 1,92,000 ಚುಕ್ಕಿ! ಮೂರು ನಿಮಿಷದ ಹಾಡು 200 ಎಂಬಿ ದಾಟಿತ್ತು. ಹಾಕಿದೆ. ಚಟಪಟ ಚಟಪಟ.

“ಒಗ್ಗರಣೆ ಸೊಗಸಾಗಿ ಕೇಳಿಸ್ತಿದೆ” ಎಂದಳು ಅಮ್ಮ. “ಸಾಸಿವೆ ಒಂದೊಂದೂ ಬೇರೆ ಬೇರೆ ಸಿಡಿಯತ್ತೆ.” ಆ ಸಾಸಿವೆಯ ಹಿಂದೆ ಎಲ್ಲೋ ದೂರದಲ್ಲಿ ಹಾಡು. ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಗತ್ತಿನಿಂದ ಹೇಳಿದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಅದನ್ನು ಯಾವ ಡಬ್ಬಿಯಲ್ಲಿ ಕೇಳಿದರೂ ಮೈ ಜುಮ್ಮೆನ್ನುತ್ತದೆ ಎಂದು ನನಗೂ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಅಷ್ಟೊಂದು ಚುಕ್ಕಿ ಯಾಕೆ ಎಂದು ಅಮ್ಮ ಕೇಳಿದಳು. ಜಾಸ್ತಿ ಇದ್ದಷ್ಟೂ ಒಳ್ಳೇದು ಎಂದೆ. “ಯಾರು ಹೇಳಿದ್ದು? ಗೆರೆಗೆ ಬೇಕಾದಷ್ಟು ಚುಕ್ಕಿ ಇದ್ರೆ ಸಾಕು. ಮೇಲೆ ಇಟ್ರೆ ಗೆರೆ ಅದೇ, ಪುಡಿ ದಂಡ.” ಮನುಷ್ಯರ ಕಿವಿಗೆ 20,000 ಹರ್ಟ್ಸ್ ಮೇಲೆ ಕೇಳಿಸುವುದಿಲ್ಲ. ಅದರ ಎರಡರಷ್ಟು ಚುಕ್ಕಿಗಿಂತ ತುಸು ಜಾಸ್ತಿ ಇದ್ದರೆ ಗೆರೆ ತಪ್ಪುವುದಿಲ್ಲ. ಸಿಡಿಯ 44,100 ಬಂದದ್ದೇ ಈ ಲೆಕ್ಕಾಚಾರಕ್ಕೆ ತಕ್ಕಂತೆ. ಅಮ್ಮ ಇದನ್ನು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಿತಿದ್ದಳು.

ಡಬ್ಬಿಗೆ ಬ್ಲೂಟೂತ್ ಕೂಡ ಇತ್ತು. ನಾನು ಅದನ್ನು ಮುಟ್ಟಿರಲಿಲ್ಲ. ಮುಂದಿನ ಸೋಮವಾರ ಬೆಳಗಿನ ಐದೂವರೆಗೆ ಹಾಲಿನಿಂದ ಸುಪ್ರಭಾತ ಕೇಳಿಸಿತು. ಕನಸೆಂದುಕೊಂಡು ಮಗ್ಗುಲಾದೆ. ನಿಲ್ಲಲಿಲ್ಲ. ಎದ್ದು ಬಂದರೆ ಸ್ಪೀಕರ್‌ಗಳು ಹಾಡುತ್ತಿವೆ. ರಾತ್ರಿ ಆಂಪ್ಲಿಫೈಯರ್ ಆಫ್ ಮಾಡುವುದು ಮರೆತಿದ್ದೆ. ಟಿವಿ ಆಫ್, ಪ್ಲೇಯರ್ ಆಫ್. ಅಮ್ಮ ಆಗಲೇ ಸ್ನಾನ ಮಾಡಿ ಕೈಮುಗಿದು ನಿಂತಿದ್ದಳು. “ಎಷ್ಟು ವರ್ಷಕ್ಕೆ ಒಳ್ಳೆ ಬುದ್ಧಿ ಬಂತೋ ನಿನಗೆ. ಇನ್ನು ಮೇಲೆ ದಿನಾ ಹಾಕು” ಎಂದಳು. ಕಣ್ಣು ತುಂಬಿದ್ದವು. ಇಂಥ ಹೊತ್ತಲ್ಲಿ ನಾನಲ್ಲ ಎನ್ನಲು ಆಗುತ್ತದೆಯೇ?

ನಿಜ ಸಂಗತಿ ಲಿಫ್ಟಿನಲ್ಲಿ ಗೊತ್ತಾಯಿತು. ಮೇಲ್ಗಡೆ ಅಂಕಲ್‌ಗೆ ಮಗಳು ಒಂದು ಬ್ಲೂಟೂತ್ ಸ್ಪೀಕರ್ ಕಳಿಸಿದ್ದಳು. ಅವರು ಫೋನಿನ ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿದ್ದರು. ನಮ್ಮ ಡಬ್ಬಿ ಪಿನ್ನು ಗಿನ್ನು ಏನೂ ಕೇಳದೆ ಬಾಗಿಲು ತೆರೆದಿತ್ತು. “ಫೋನು ಕೆಟ್ಟಿದೆ ಕಣ್ರೀ. ಸುಪ್ರಭಾತ ಹಾಕ್ತೀನಿ, ಓಡತ್ತೆ, ಸದ್ದೇ ಬರಲ್ಲ. ಹೊಸ ಸ್ಪೀಕರೂ ಡೂಪ್ಲಿಕೇಟ್ ಇರಬೇಕು” ಎಂದರು ಪಾಪ. ಆವತ್ತೇ ಹೇಳಿಬಿಡಬೇಕಿತ್ತು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಿತು, ಇಳಿದುಬಿಟ್ಟೆ.

ಮೂರು ವಾರ ನಡೆಯಿತು. ರಾತ್ರಿ ಆಂಪ್ಲಿಫೈಯರ್ ಆನ್ ಮಾಡಿ ಮಲಗುವ ಜವಾಬ್ದಾರಿಯನ್ನು ಅಮ್ಮ ತಾನೇ ವಹಿಸಿಕೊಂಡಳು. ಸುಪ್ರಭಾತ ಆದ ಮೇಲೆ ಕೆಲವು ದಿನ ಷೇರು ಮಾರುಕಟ್ಟೆಯ ಮಾತುಕತೆಯೂ ಬರುತ್ತಿತ್ತು. “ಇದ್ಯಾಕೆ ಹಾಕ್ತೀಯೋ” ಎಂದು ಅವಳು ಗುಂಡಿ ಇಳಿಸುತ್ತಿದ್ದಳು. ಹೆಂಡತಿ ಮತ್ತು ಮಗಳಿಗೆ ಎಲ್ಲ ಗೊತ್ತಿತ್ತು. ಅವರು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು.

ಮೊನ್ನೆ ಅಂಕಲ್ ಫೋನನ್ನು ಅಂಗಡಿಗೆ ಕೊಟ್ಟು ರೀಸೆಟ್ ಮಾಡಿಸಿಕೊಂಡು ಬಂದರಂತೆ. ನಿನ್ನೆ ಬೆಳಗ್ಗೆ ಐದೂಮುಕ್ಕಾಲಿಗೆ ಯಾರೋ ನನ್ನ ಭುಜ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅಮ್ಮ. ಕೈಯಲ್ಲಿ ಟಾರ್ಚು.

“ಏಳೋ, ಸುಣ್ಣದ ಡಬ್ಬಿ ಕೆಟ್ಟೋಗಿದೆ. ಅದೇನು ಟೊಪ್ಪಿ ತೆಗೀಬೇಕೋ ನೋಡು” ಎಂದಳು.